ದೊಡ್ಡಪ್ಪನ ರೈಫಲ್ಲಿಗೆ ಇಪ್ಪತ್ನಾಲ್ಕರ ಸ್ಕೋಪು

ಕರೆದು ಸಲಹೆ ಕೇಳಿ, ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಕೊನೆಗೆ ಅಂಗಡಿಯಲ್ಲಿ ಪಕ್ಕ ನಿಂತವರ ಒಂದು ಮಾತಿಗೆ ಎಲ್ಲವನ್ನೂ ಮರೆತುಬಿಡುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಇದು ೨೦೧೬ರ ಸಂಗತಿ. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಯಶವಂತಪುರದ ಹತ್ತಿರ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದೆ. ಬಂದ ಬಿಡಿಭಾಗವನ್ನು ಅಳೆಯುವುದು, ಬರೆದಿಡುವುದು, ಕೂದಲೆಳೆ ಹೆಚ್ಚುಕಡಿಮೆಯಾದರೂ ಪಕ್ಕಕ್ಕಿಡುವುದು ನನ್ನ ಕೆಲಸ. ಭಾನುವಾರಗಳಲ್ಲಿ ಶೂಟಿಂಗ್ ಕ್ಲಬ್ಬಿಗೆ ಹೋಗಿ ಅಲ್ಲಿನ ರೈಫಲ್ಲಿನಲ್ಲಿ ಗುರಿ ಅಭ್ಯಾಸ ಮಾಡುತ್ತಿದ್ದೆ.

ನಮ್ಮದು ಕೊಡಿಗೇಹಳ್ಳಿ. ಊರಿನ ಹೊಲಗಳೆಲ್ಲ ಬಡಾವಣೆಗಳಾದ ಮೇಲೆ ದೊಡ್ಡಪ್ಪ ದೊಡ್ಡಬಳ್ಳಾಪುರದಾಚೆ, ಬೆಟ್ಟದ ತಪ್ಪಲಲ್ಲಿ, ನಾಲ್ಕು ಎಕರೆ ಕೊಂಡು ರಾಗಿ, ಕಡಲೇಕಾಯಿ ಹಾಕುತ್ತಿದ್ದರು. ಹೊಲದ ಮೂಲೆಯ ಶೀಟಿನ ಮನೆಯಲ್ಲಿ ಕೊಪ್ಪಳದ ಕಡೆಯ ಗಂಡಹೆಂಡತಿ ಇದ್ದರು. ಬಿತ್ತನೆ, ಕಳೆ, ಕಾವಲು ಎಲ್ಲ ಅವರದೇ. ಕತ್ತಲಾಗುವ ಹೊತ್ತಿಗೆ ಇಬ್ಬರೂ ತಗಡಿನ ಡಬ್ಬ ಬಡಿಯುತ್ತಾ ಬದುವಿನ ಮೇಲೆ ಒಂದು ಸುತ್ತು ಬರುತ್ತಿದ್ದರು. ಆದರೂ ಕಾಡುಹಂದಿಗಳು ನುಗ್ಗಿ ಕಡಲೇಕಾಯಿ ಗಿಡಗಳನ್ನು ನೇಗಿಲು ಹೊಡೆದ ಹಾಗೆ ಕಿತ್ತುಹಾಕುತ್ತಿದ್ದವು. ದೊಡ್ಡಪ್ಪ ಅರಣ್ಯ ಇಲಾಖೆಗೆ ಅಲೆದಾಡಿ, ಹೊಲದೊಳಗೆ ಬಂದ ಹಂದಿಯನ್ನು ಹೊಡೆಯಲು ಅನುಮತಿ ಪಡೆದುಕೊಂಡರು. ಲೈಸೆನ್ಸಿನ ರೈಫಲ್ಲು ಅಜ್ಜನ ಕಾಲದಿಂದ ಮನೆಯಲ್ಲಿತ್ತು. ಹಂದಿ ಹೊಡೆಯುವುದು ಬೆಳೆ ಕಾಯುವ ಕೆಲಸವೆಂದು ಅನುಮತಿಯ ಕಾಗದದಲ್ಲಿತ್ತು. ದೊಡ್ಡಪ್ಪನ ಬಾಯಲ್ಲಿ ಮಾತ್ರ ಬೇಟೆ ಎಂದೇ ಬರುತ್ತಿತ್ತು.

ತೊಂದರೆ ಕಣ್ಣಿನದು. ಬಲಗಣ್ಣಿಗೆ ಪೊರೆ ಆಪರೇಷನ್ ಆಗಿತ್ತು. ಗುರಿ ಹಿಡಿಯಲು ನಳಿಗೆಯ ತುದಿಯಲ್ಲಿರುವ ಮೊಳೆ ಕಂಡರೆ ಗುರಿ ಕಾಣದು, ಗುರಿ ಕಂಡರೆ ಮೊಳೆ ಕಾಣದು. ಜೂನ್ ತಿಂಗಳಲ್ಲಿ ನನ್ನನ್ನು ಕರೆಸಿ, ರೈಫಲ್ಲಿನ ಮೇಲೆ ಕೂರಿಸುವ ದುರ್ಬೀನು, ಒಂದು ಒಳ್ಳೆಯ ಸ್ಕೋಪು ಬೇಕು, ದುಡ್ಡಿನ ಮುಖ ನೋಡುವುದು ಬೇಡ ಎಂದರು. "ನೀನ್ ಎಲ್ಲಾ ಅಳ್ದು ಬರ್ಕೊಳ್ಳೋನು ಕಣ್ಲಾ. ನೀನೇ ನೋಡಿ ಯೋಳು, ಅದನ್ನೇ ತರಾನ."

ನಾನು ಆ ಮಾತನ್ನು ನಂಬಿದೆ. ಕ್ಲಬ್ಬಿನ ಹಿರಿಯರಿಂದ ಎರಡು ಸ್ಕೋಪುಗಳನ್ನು, ಬಂದೂಕಿಲ್ಲದೆ ಬರೀ ಸ್ಕೋಪುಗಳನ್ನು, ಒಂದಾದ ಮೇಲೊಂದರಂತೆ ಎರವಲು ತಂದೆ. ನಮ್ಮ ತಾರಸಿಯಿಂದ ಸುಮಾರು ನೂರು ಗಜ ದೂರದಲ್ಲಿ ನಮ್ಮದೇ ಇನ್ನೊಂದು ಕಟ್ಟಡವಿದೆ. ಅದರ ನೀರಿನ ಟ್ಯಾಂಕಿಗೆ ಒಂದು ಗೋಣಿಚೀಲ, ಪಕ್ಕದಲ್ಲಿ ಒಂದು ಕಂದು ಕಂಬಳಿ ತೂಗುಹಾಕಿದೆ. ಹೊತ್ತು ಮುಳುಗಿದ ಮೇಲೆ ಯಾವುದು ಗೋಣಿ, ಯಾವುದು ಕಂಬಳಿ ಎಂದು ಎಲ್ಲಿಯವರೆಗೆ ಹೇಳಬಲ್ಲೆ ಎಂಬುದೇ ಪರೀಕ್ಷೆ. ಮೋಡವಿದ್ದ ಸಂಜೆ, ಮೋಡವಿಲ್ಲದ ಸಂಜೆ, ಎರಡರಲ್ಲೂ ನೋಡಿದೆ. ಅಮ್ಮ ಒಣಗಿದ ಬಟ್ಟೆ ತೆಗೆಯಲು ಬಂದವರು, ಆ ಕಂಬಳಿಗೆ ಏನಾದರೂ ದೃಷ್ಟಿಯಾಗಿದೆಯಾ ಎಂದು ಕೇಳಿದರು.

ಗೊತ್ತಾದದ್ದು ಇಷ್ಟು. ಈ ಸ್ಕೋಪುಗಳಲ್ಲಿ ಒಂದು ಉಂಗುರ ತಿರುಗಿಸಿ ಪವರ್ ಹೆಚ್ಚುಕಡಿಮೆ ಮಾಡಬಹುದು. ಎರಡರಿಂದ ಹತ್ತರವರೆಗಿನದು ಒಂದು, ಆರರಿಂದ ಇಪ್ಪತ್ನಾಲ್ಕರವರೆಗಿನದು ಇನ್ನೊಂದು. ಪವರ್ ಏರಿಸಿದಷ್ಟೂ ವಸ್ತು ಹತ್ತಿರ ಬರುತ್ತದೆ ನಿಜ, ಆದರೆ ಕಣ್ಣಿಗೆ ಬೀಳುವ ಬೆಳಕು ಕಡಿಮೆಯಾಗುತ್ತದೆ, ನೋಟ ಕಿರಿದಾಗುತ್ತದೆ. ಇಪ್ಪತ್ನಾಲ್ಕರಲ್ಲಿ ನೂರು ಗಜದಾಚೆ ಕಾಣುವುದು ಒಂದು ದೊಡ್ಡ ಬಾಗಿಲಿನಗಲ ಅಷ್ಟೇ. ಮುಸ್ಸಂಜೆಯಲ್ಲಿ ಗೋಣಿಯೂ ಕಂಬಳಿಯೂ ಒಂದೇ ಬೂದು ಮುದ್ದೆ. ಎರಡರಿಂದ ಹತ್ತರದ್ದನ್ನು ನಾಲ್ಕಕ್ಕಿಟ್ಟರೆ ಎರಡೂ ಬೇರೆ ಬೇರೆ ಕಾಣುತ್ತಿದ್ದವು, ಟ್ಯಾಂಕಿನ ಆಚೀಚೆ ಏನಿದೆ ಎಂಬುದೂ ಕಾಣುತ್ತಿತ್ತು.

ಹತ್ತರದ್ದನ್ನೇ ಕೊಳ್ಳೋಣ ಎಂದೆ, ದೊಡ್ಡಪ್ಪ ತಲೆಯಾಡಿಸಿದರು. ಇನ್ನೊಂದು ಮಾತನ್ನೂ ಅವರಿಗೆ ಒತ್ತಿ ಒತ್ತಿ ಹೇಳಿದೆ. ಸ್ಕೋಪಿನ ಜೊತೆಗೆ ಒಂದು ಕೈದುರ್ಬೀನು ಬೇಕೇ ಬೇಕು. ಹಂದಿ ಬರುವ ಹೊತ್ತಿಗೇ ಆ ಹೊಲದಲ್ಲಿ ಇಬ್ಬರು ಮನುಷ್ಯರೂ ಓಡಾಡುತ್ತಿರುತ್ತಾರೆ. ಮೊದಲು ದುರ್ಬೀನಿನಲ್ಲಿ ನೋಡಬೇಕು, ಹಂದಿಯೇ ಹೌದು ಎಂದಾದ ಮೇಲಷ್ಟೇ ಬಂದೂಕು ಎತ್ತಬೇಕು. ರೈಫಲ್ಲಿನ ಮೇಲಿರುವ ಸ್ಕೋಪು ಹುಡುಕುವುದಕ್ಕಲ್ಲ. ಅದು ಎತ್ತ ತಿರುಗುತ್ತದೋ ನಳಿಗೆಯೂ ಅತ್ತಲೇ ತಿರುಗಿರುತ್ತದೆ. ದೊಡ್ಡಪ್ಪ ಇದಕ್ಕೂ ತಲೆಯಾಡಿಸಿದರು.

ಆಗಸ್ಟಿನಲ್ಲಿ ಬಂದೂಕಿನ ಅಂಗಡಿಗೆ ಹೋದೆವು. ದೊಡ್ಡಪ್ಪನ ಗೆಳೆಯರೊಬ್ಬರು ಜೊತೆಗೆ ಬಂದರು. ಆರ್.ಟಿ. ನಗರದಲ್ಲಿ ಎರಡು ಬಾಡಿಗೆ ಕಟ್ಟಡಗಳಿದ್ದ, ಹಳೇ ಜೀಪಿಟ್ಟುಕೊಂಡಿದ್ದ, ಯಾವ ವಿಷಯಕ್ಕೂ ಗೊತ್ತಿಲ್ಲ ಎನ್ನದ ಮನುಷ್ಯ. ಅಂಗಡಿಯವನು ಎರಡೂ ಸ್ಕೋಪುಗಳನ್ನು ಗಾಜಿನ ಮೇಲಿಟ್ಟ. ಬೆಲೆಯಲ್ಲಿ ಅಂಥ ವ್ಯತ್ಯಾಸವಿರಲಿಲ್ಲ. ಇದನ್ನು ಯಾಕೆ ಹೇಳುತ್ತೇನೆಂದರೆ, ದುಡ್ಡಿಗಾಗಿ ಹಾಗೆ ಮಾಡಿದರು ಎಂದುಕೊಂಡು ಸಮಾಧಾನಪಡುವುದಕ್ಕೂ ನನಗೆ ಅವಕಾಶವಿರಲಿಲ್ಲ.

ಗೆಳೆಯರು ಎರಡನ್ನೂ ಕೈಯಲ್ಲಿ ತೂಗಿ ನೋಡಿದರು. "ಇಪ್ಪತ್ನಾಲ್ಕು ಸಿಗ್ತಿರೋವಾಗ ಹತ್ತಕ್ಕೆ ಯಾಕ್ ನಿಲ್ತೀಯಾ ಗುರು? ಬೇಡ ಅಂದ್ರೆ ಕಮ್ಮಿ ಮಾಡ್ಕೊಂಡ್ರಾಯ್ತು. ಕಮ್ಮಿದು ತಗೊಂಡ್ರೆ ಆಮೇಲೆ ಜಾಸ್ತಿ ಮಾಡ್ಕೊಳ್ಳಕ್ಕಾಯ್ತದಾ?"

ಮನೆ ಕಟ್ಟುವವನು ನೀರಿನ ಸಂಪು ತೋಡಿಸುವಾಗ ಇದು ಸರಿಯಾದ ತರ್ಕ. ನಮ್ಮ ಕಡೆಯವರು ಎಲ್ಲವನ್ನೂ ಸಂಪು ತೋಡಿಸುವ ಹಾಗೇ ಕೊಳ್ಳುತ್ತಾರೆ. ಇಪ್ಪತ್ನಾಲ್ಕರದ್ದನ್ನು ಎಷ್ಟು ಇಳಿಸಿದರೂ ಆರು, ಹತ್ತಿರದ ಹಂದಿಗೆ ಅದೂ ಹೆಚ್ಚಾಯಿತು ಎಂದು ನಾನು ಹೇಳುತ್ತಲೇ ಇದ್ದೆ. ದೊಡ್ಡಪ್ಪ ಇಪ್ಪತ್ನಾಲ್ಕರದ್ದನ್ನು ಕಣ್ಣಿಗೆ ಹಿಡಿದು, ಎದುರು ಬೇಕರಿಯ ಬೋರ್ಡಿನಲ್ಲಿ ಕೆಳಗೆ ಸಣ್ಣಕ್ಷರದಲ್ಲಿ ಬರೆದ ಪೇಂಟರಿನ ಹೆಸರು ಓದಿದರು. ಅಲ್ಲಿಗೆ ಮುಗಿಯಿತು. ಕೈದುರ್ಬೀನಿನ ಮಾತು ತೆಗೆದಾಗ ನಕ್ಕುಬಿಟ್ಟರು. "ಎರಡೆರಡು ಯಾಕಪ್ಪಾ? ಇದ್ರಲ್ಲೇ ಎಲ್ಲಾ ಕಾಣ್ಸೋವಾಗ ಕುತ್ಗೇಗೆ ಇನ್ನೊಂದು ನೇತಾಕ್ಕೊಂಡ್ ತಿರುಗ್ಲಾ?"

ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ಹಿಂದೆ ಕೂತು ಬಂದೆ.

ಆಯುಧಪೂಜೆಯ ದಿನ ದೊಡ್ಡಪ್ಪನ ಮನೆಯ ಪಡಸಾಲೆಯ ಮೇಜಿನ ಮೇಲೆ ಮಚ್ಚು, ಕುಡುಗೋಲು, ಮಿಕ್ಸಿ, ಗೆಳೆಯರ ಜೀಪಿನ ಕೀ, ಇವುಗಳ ನಡುವೆ ಸ್ಕೋಪು ಬಿಗಿಸಿದ ರೈಫಲ್ಲು ಮಲಗಿತ್ತು. ದೊಡ್ಡಮ್ಮ ಪ್ರತಿಯೊಂದಕ್ಕೂ ವಿಭೂತಿ, ಕುಂಕುಮ ಇಡುತ್ತಾ ಬಂದರು. ರೈಫಲ್ಲಿಗೆ ಹಿಡಿಯ ಮೇಲೆ ಇಟ್ಟರು, ಅದು ಸರಿ. ಆ ಗೆಳೆಯರು ಸುಮ್ಮನಿರಲಾರದೆ, ಆಯುಧಕ್ಕೆ ಕಣ್ಣು ಅಂದರೆ ಇದೇ ಅಲ್ಲವಾ ಎನ್ನುತ್ತಾ ಸ್ಕೋಪಿನ ಮುಂದಿನ ಗಾಜಿಗೆ ಹೆಬ್ಬೆರಳಿನಲ್ಲಿ ಗಂಧ ಮೆತ್ತಿ ಅದರ ಮೇಲೊಂದು ಕುಂಕುಮದ ಬೊಟ್ಟಿಟ್ಟರು. ಮಂಗಳಾರತಿಯಾದ ಮೇಲೆ ಒಣಗಿದ ಗಂಧವನ್ನು ಹೆಗಲ ಟವೆಲ್ಲಿನಿಂದ ತಿಕ್ಕಿ ತಿಕ್ಕಿ ಒರೆಸಿದರು. ಬೆಳಕು ಚೆನ್ನಾಗಿ ಹಾಯಲೆಂದು ಕಂಪನಿಯವರು ಆ ಗಾಜಿಗೆ ಹಚ್ಚಿದ ಲೇಪನಕ್ಕೇ ಅಷ್ಟು ಬೆಲೆ ಕೊಟ್ಟದ್ದು ಎಂದು ಹೇಳಿದರೆ, ದೇವರ ಗಂಧದಿಂದ ಯಾವ ಗಾಜೂ ಕೆಡುವುದಿಲ್ಲ ಎಂಬ ಉತ್ತರ ಬಂತು. ಬೆಳಕಿಗೆ ಹಿಡಿದರೆ ಸೌಟಿನಲ್ಲಿ ಕೆರೆದ ಪಾತ್ರೆಯಂತೆ ಸಣ್ಣ ಗೀರುಗಳು ಕಾಣುತ್ತಿದ್ದವು.

ನನಗೆ ತಡೆಯಲಾಗದ್ದು ಇದಲ್ಲ. ಊಟವಾದ ಮೇಲೆ ಬಂದ ನೆಂಟರೆಲ್ಲ ರೈಫಲ್ಲನ್ನು ತಾರಸಿಗೆ ಒಯ್ದು ಸರದಿಯಲ್ಲಿ ನೋಡತೊಡಗಿದರು. ರಸ್ತೆಯಾಚೆಯ ಮನೆಯವರು ಸ್ಕೂಟರಿಗೆ ಚೆಂಡುಹೂವಿನ ಹಾರ ಕಟ್ಟುತ್ತಿದ್ದರು. ಅವರು ಬೂದುಗುಂಬಳ ಒಡೆದಿದ್ದಾರಾ ಇಲ್ಲವಾ ಎಂದು ತಿಳಿಯಲು ಇವರು ಅವರ ಬಾಗಿಲಿಗೆ ನಳಿಗೆ ಹಿಡಿದಿದ್ದರು. ನಾನು ಹೋಗಿ ಕಿತ್ತುಕೊಂಡೆ. ಬೋಲ್ಟ್ ಹಿಂದಕ್ಕೆಳೆದು ಒಳಗೆ ಗುಂಡಿದೆಯಾ ನೋಡಿದೆ, ಖಾಲಿ ಇತ್ತು. ಖಾಲಿ ಇದೆ ಎಂದು ಅವರಲ್ಲಿ ಯಾರೂ ನೋಡಿರಲಿಲ್ಲ. ದೊಡ್ಡಪ್ಪ ಹಬ್ಬದ ದಿನ ನೆಂಟರ ಮುಂದೆ ಮರ್ಯಾದೆ ತೆಗೆದೆ ಎಂದು ಸಿಡುಕಿದರು. ಗೆಳೆಯರು, ಕ್ಲಬ್ಬಿನ ಸಾಹೇಬರಿಗೆ ಸಿಟ್ಟು ಬಂದಿದೆ, ಯಾರಾದರೂ ಪಾನಕ ಕೊಡಿ ಎಂದರು. ಎಲ್ಲರೂ ನಕ್ಕರು.

ನವೆಂಬರಿನ ಒಂದು ಶನಿವಾರ ದೊಡ್ಡಪ್ಪ, ಆ ಗೆಳೆಯರು, ನಾನು ಜೀಪಿನಲ್ಲಿ ಹೊಲಕ್ಕೆ ಹೋದೆವು. ಹಿಂದಿನ ವಾರ ಅವರಿಬ್ಬರೇ ಹೋಗಿ ಒಂದು ಸಂಜೆ ಕಾದು ಬರಿಗೈಲಿ ಬಂದಿದ್ದರು. ಈ ಸಲ ನನ್ನನ್ನು ಕರೆದದ್ದು ಸ್ಕೋಪಿನ ಗುರಿ ಸರಿಯಿದೆಯಾ ನೋಡಲು. ಜೀಪು ನಿಲ್ಲುವಷ್ಟರಲ್ಲಿ ಕೊಪ್ಪಳದ ಹೆಂಗಸು ಎದುರು ಬಂದು ನಿಂತಳು. ಹಿಂದೆ ಅವಳ ಗಂಡ. ಶೀಟಿನ ಮನೆಯ ಮುಂದೆ ಎರಡು ಗಂಟು, ಒಂದು ಟ್ರಂಕು, ಕೊಡದೊಳಗೆ ಇಳಿಸಿದ ಪಾತ್ರೆಗಳು.

ಸಂಜೆಯ ಬಸ್ಸಿಗೆ ಊರಿಗೆ ಹೊರಟಿದ್ದೇವೆ ಎಂದಳು. ಕಟಾವು ಹತ್ತಿರವಿರುವಾಗ ಇದೇನು ಎಂದು ದೊಡ್ಡಪ್ಪ ರೇಗಿದರು. ಅವಳು ದನಿ ಏರಿಸಲಿಲ್ಲ.

"ಹ್ವಾದ ವಾರ ಸಂಜೀಕ ನಮ್ಮ ಕಡೆ ಬಂದೂಕ ಹಿಡದಿದ್ರಲ್ರೀ ಸಾವಕಾರ್ರ. ನಾ ಒಲಿ ಮುಂದ ಕುಂತಿದ್ನಿ. ಬದುವಿನ ಮ್ಯಾಲಿಂದ ನನ್ನ ಮಾರಿಗೇ ಹಿಡದಿದ್ರಿ."

ದೊಡ್ಡಪ್ಪ ಇಲ್ಲ ಎನ್ನುತ್ತಾರೆ ಎಂದುಕೊಂಡೆ. ಅವರ ಮುಖ ಅರಳಿತು. "ಹೂಂ ಕಣಮ್ಮಾ, ನೀನೇ. ಅಲ್ಲಿಂದ ಒಲೆ ಬೆಳಕಲ್ಲಿ ನಿನ್ ಬಳೆ ಬಣ್ಣ ಕೂಡ ಕಾಣ್ಸ್ತು. ಹಸುರು, ನಡೂಕ್ ಒಂದು ಕೆಂಪು. ಅಂಗದೆ ಆ ಸ್ಕೋಪು." ಆಮೇಲೆ ನನ್ನ ಕಡೆ ತಿರುಗಿದರು. ನಾನು ಬೇಡವೆಂದ ಸ್ಕೋಪು ಎಂಥದ್ದು ಎಂದು ಈಗಲಾದರೂ ಒಪ್ಪಿಕೊ ಎನ್ನುವ ನೋಟ ಅದು.

ಗುಂಡು ತುಂಬಿತ್ತಾ ಎಂದು ಕೇಳಿದೆ.

"ಹಂದಿ ಕಾಯೋಕ್ ಹೋದೋನು ಖಾಲಿ ಇಟ್ಕೊಂಡ್ ಕೂತ್ಕೋತಾನೇನ್ಲಾ?"

"ಬಳಿ ಬಣ್ಣ ನೋಡಾಕ ಬಂದೂಕ ಬೇಕೇನ್ರೀ?" ಎಂದಳು ಅವಳು. "ಕರದಿದ್ರ ನಾನ ಬಂದು ಕೈ ತೋರಸ್ತಿದ್ನಿ."

ಗಂಡ ಮೊದಲ ಬಾರಿಗೆ ಬಾಯಿ ಬಿಟ್ಟು, ಆ ನಳಿಗೆಯ ಮೇಲಿನ ಕೊಳವೆ ಬಿಚ್ಚಿದರೆ ಇರುತ್ತೇವೆ, ಅದು ಇದ್ದರೆ ಇಲ್ಲ, ಅದು ಬಂದಾಗಿನಿಂದಲೇ ಸಾಹುಕಾರರು ಸಿಕ್ಕಿದ್ದಕ್ಕೆಲ್ಲ ಬಂದೂಕು ಎತ್ತುತ್ತಿದ್ದಾರೆ ಎಂದ. ದೊಡ್ಡಪ್ಪ ರಾಗಿಯ ತೆನೆಗಳನ್ನೂ, ಆ ಗಂಟುಗಳನ್ನೂ ನೋಡಿದರು. ಕೊನೆಗೆ, "ಬಿಚ್ಚಾಕ್ಲಾ" ಎಂದರು.

ಜೀಪಿನ ಬಾನೆಟ್ಟಿನ ಮೇಲೆ ರೈಫಲ್ಲಿಟ್ಟು, ಗುಂಡುಗಳನ್ನು ತೆಗೆದು ಜೇಬಿಗೆ ಹಾಕಿಕೊಂಡು, ಅಲೆನ್ ಕೀಯಿಂದ ಸ್ಕ್ರೂಗಳನ್ನು ಬಿಚ್ಚಿದೆ. ಪವರಿನ ಉಂಗುರ ಇಪ್ಪತ್ನಾಲ್ಕಕ್ಕೇ ನಿಂತಿತ್ತು. ತಂದ ದಿನದಿಂದ ಯಾರೂ ಅದನ್ನು ಕೆಳಗಿಳಿಸಿದ ಹಾಗೆ ಕಾಣಲಿಲ್ಲ. ಅವರಿಬ್ಬರೂ ಪಕ್ಕದಲ್ಲೇ ನಿಂತು, ಸ್ಕೋಪು ಪೆಟ್ಟಿಗೆಯೊಳಗೆ ಹೋಗುವವರೆಗೂ ನೋಡಿದರು. ಆಮೇಲೆ ಅವಳು ಟ್ರಂಕನ್ನು ಒಳಗೆ ಎಳೆದುಕೊಂಡಳು. ಗಂಟುಗಳನ್ನು ಮಾತ್ರ ಹಾಗೇ ಹೊರಗೆ ಬಿಟ್ಟಳು.

ಅವತ್ತು ಯಾರೂ ಹಂದಿ ಕಾಯಲಿಲ್ಲ. ವಾಪಸು ಬರುವಾಗ ರಾಜಾನುಕುಂಟೆ ದಾಟಿದೆವು. ಆಮೇಲೆ ದೊಡ್ಡಪ್ಪ ಗೆಳೆಯರಿಗೆ ವಿವರಣೆ ಕೊಡತೊಡಗಿದರು. ಈ ಕಾಲದಲ್ಲಿ ಆಳು ಸಿಗುವುದು ಎಷ್ಟು ಕಷ್ಟ, ಕಟಾವಿನ ಮುಂದೆ ಕೈಬಿಟ್ಟರೆ ಗತಿಯೇನು, ಅದಕ್ಕೇ ಬಿಚ್ಚಿಸಿದ್ದು ಎಂದರು. ಗೆಳೆಯರು ಹೌದು ಹೌದು ಎಂದರು. ಜೂನ್‌ನಿಂದ ನಾನು ಬೆಳಕು, ನೋಟದ ಅಗಲ, ನಳಿಗೆಯ ದಿಕ್ಕು ಎಂದು ಹೇಳಿದ್ದು ಒಂದೂ ನಾಟಿರಲಿಲ್ಲ. ಆಳು ಸಿಗುವುದಿಲ್ಲ ಎಂಬುದು ಮಾತ್ರ ನಾಟಿತ್ತು.

"ಆಳು ಸಿಗಲ್ಲ ಅಂತಲ್ಲ ದೊಡ್ಡಪ್ಪ," ಎಂದೆ. "ಆಯಮ್ಮ ಸಾಯ್ತಿದ್ದಳು ಅಂತ ಬಿಚ್ಚಬೇಕಿತ್ತು."

"ಎಲ್ಡೂ ಒಂದೇ ಕಣ್ಲಾ. ಬಿಚ್ಚಾಯ್ತಲ್ಲ."

ಒಂದೇ ಅಲ್ಲ ಎಂದೆ. ಯಲಹಂಕದಲ್ಲಿ ಸಿಗ್ನಲ್ಲಿಗೆ ನಿಂತಾಗ ಗುಂಡುಗಳನ್ನು ಜೇಬಿನಿಂದ ತೆಗೆದು ದೊಡ್ಡಪ್ಪನ ಕೈಗೆ ಎಣಿಸಿ ಕೊಟ್ಟು ಜೀಪಿನಿಂದ ಇಳಿದೆ. ಗೆಳೆಯರು ಕೂಗಿ ಕರೆದರು. ನಾನು ರಸ್ತೆ ದಾಟಿ ಕೊಡಿಗೇಹಳ್ಳಿ ಕಡೆಯ ಬಸ್ಸಿಗೆ ನಿಂತೆ.