ಧಾಭಾಯಿ ಘೀಸಾರಾಮನ ಒಂದು ಸುಳ್ಳು

ರಾಯಸರ ಸಂಸ್ಥಾನದ ದರ್ಬಾರಿನಲ್ಲಿ ದೊರೆ ಮಹಾರಾವಲರ ಮುಖ ನೋಡಿ ‘ಆಗೋದಿಲ್ಲ’ ಎನ್ನಬಲ್ಲ ಗಂಡಸು ಒಬ್ಬನೇ ಇದ್ದ. ಅವನು ದಿವಾನನಲ್ಲ, ಜಾಗೀರುದಾರನೂ ಅಲ್ಲ. ಎಮ್ಮೆ ಸಾಕುವ ಗುಜ್ಜರರ ಘೀಸಾರಾಮ. ಅವನ ತಾಯಿ ಲಾಛೀಬಾಯಿ ಒಂದು ಕಡೆ ತನ್ನ ಮಗುವನ್ನು, ಇನ್ನೊಂದು ಕಡೆ ಅರಮನೆಯ ಕೂಸನ್ನು ಮಲಗಿಸಿಕೊಂಡು ಹಾಲೂಡಿಸಿದವಳು. ಹಾಗೆ ಹಾಲು ಹಂಚಿಕೊಂಡವನು ನಮ್ಮಲ್ಲಿ ದೊರೆಗೆ ಧಾಭಾಯಿ, ಹಾಲಿನ ಅಣ್ಣ. ಅವನನ್ನು ದೊರೆ ಗದರುವಂತಿಲ್ಲ. ಹಾಲು ಕೊಟ್ಟ ಧಾಯಿಮಾ ಅಪ್ಪಣೆ ಮಾಡಿದರಂತೂ ದೊರೆಯೂ ತಲೆಬಾಗಿ ನಡೆಯಬೇಕು.

ಘೀಸಾ ಈ ಹಕ್ಕನ್ನು ಲಾಭಕ್ಕೆ ಬಳಸಿದವನಲ್ಲ. ಮಹಾರಾವಲ್ ಛತರಸಿಂಗರು ಕುದುರೆಯಿಂದ ಬಿದ್ದರೆ ಎಲ್ಲರೆದುರು ನಗುತ್ತಿದ್ದ. “ಬನ್ನಾ, ನಿನಗೆ ಎಮ್ಮೆ ಸವಾರೀನೇ ಸರಿ” ಎನ್ನುತ್ತಿದ್ದ. ಬನ್ನಾ ಎಂದರೆ ಚಿಕ್ಕದೊರೆ. ದೊರೆಯ ಮೀಸೆ ನರೆಯತೊಡಗಿದ್ದರೂ ತಾಯಿ ಮಗ ಇಬ್ಬರ ಬಾಯಲ್ಲೂ ಅದೇ ಹೆಸರು.

ಜರ್ಮನರೊಂದಿಗೆ ಯುದ್ಧ ಶುರುವಾದಾಗ ಮಹಾರಾವಲರು ತಮ್ಮ ಇನ್ನೂರು ಸವಾರರೊಂದಿಗೆ ಹೊರಟುನಿಂತರು. ಬೀಳ್ಕೊಡುಗೆಯ ದರ್ಬಾರಿನಲ್ಲಿ ಬ್ರಿಟಿಷ್ ಸರಕಾರದ ಏಜೆಂಟ್ ಸಾಹೇಬ ನಗುನಗುತ್ತಲೇ ಬತ್ತಿ ಇಟ್ಟ: “ಸವಾರರು ಮುಂದೆ ಹೋಗಲಿ. ತಾವು ಹಿಂದೆ, ಜನರಲ್ ಸಾಹೇಬರ ಡೇರೆಯಲ್ಲಿ ಇರತಕ್ಕದ್ದು. ಸರಕಾರದ ಇಚ್ಛೆ.”

ಮಹಾರಾವಲರ ಮುಖ ಕಪ್ಪಿಟ್ಟಿತು. ಹದಿನೈದು ವರ್ಷ ದಿನಾ ಬೆಳಿಗ್ಗೆ ಆ ಸವಾರರ ಜೊತೆ ಧೂಳು ಕುಡಿದವರು. ಅವರನ್ನು ಸಾಯಲು ಕಳಿಸಿ ತಾವು ಡೇರೆಯಲ್ಲಿ ಚಹಾ ಕುಡಿದು ಬಂದರೆ ಊರಿನ ಯಾವ ತಾಯಿಗೆ ಮುಖ ತೋರಿಸುವುದು? ಆದರೆ ಇಲ್ಲ ಎನ್ನುವಂತಿಲ್ಲ. ಅವರ ಚಿಕ್ಕಪ್ಪ ಒಮ್ಮೆ ಇಲ್ಲ ಎಂದದ್ದಕ್ಕೆ ಗಾದಿಯಿಂದ ಇಳಿಸಿ ಕಾಶಿಗೆ ಅಟ್ಟಿದ್ದರು.

ಅಂದೇ ಬೆಳಿಗ್ಗೆ ಲಾಛೀಬಾಯಿ ಮಗನ ಕೈಹಿಡಿದು, “ಬನ್ನಾನ್ನ ಹಿಂದೇನೇ ಇಟ್ಕೊಳ್ಳೋ. ಮುಂದೆ ನುಗ್ಗೋಕೆ ಬಿಡಬೇಡ” ಎಂದು ಕಣ್ಣೀರಿಟ್ಟಿದ್ದಳು. ಘೀಸಾ ಹೂಂ ಎಂದಿದ್ದ. ಈಗ ದೊರೆಯ ಮುಖ ನೋಡಿದ. ಎದ್ದು ನಿಂತೇಬಿಟ್ಟ.

“ಅದಾಗೋದಿಲ್ಲ ಸಾಹೇಬ್ರೇ. ಸವಾರರ ಮುಂದೆ ಇರಬೇಕು ಅಂತ ಧಾಯಿಮಾ ಅಪ್ಪಣೆ ಆಗಿದೆ. ತನ್ನ ಹಾಲು ಕುಡಿದೋನು ಕುದುರೆ ಬಾಲದ ಹಿಂದೆ ಕೂರಬಾರದಂತೆ.”

ಮಹಾರಾವಲರು ನಿಟ್ಟುಸಿರಿಟ್ಟು, ಎರಡೂ ಕೈ ಚೆಲ್ಲಿ, “ನಾನೇನು ಮಾಡಲಿ ಸಾಹೇಬ್? ತಾಯಿ ಮಾತು,” ಎಂದರು. ಆ ನಟನೆ ನೋಡಿ ಘೀಸಾನೇ ಬೆರಗಾದ. ಸಾಹೇಬ ದೊರೆಯೊಡನೆ ವಾದಿಸಬಲ್ಲ, ಕಾಣದ ಹೆಂಗಸಿನೊಡನೆ ಹೇಗೆ ವಾದಿಸಿಯಾನು? ಬರೆದುಕೊಂಡು ಹೋದ.

ಮಹಾರಾವಲರು ಸವಾರರ ಮುಂದೆಯೇ ಹೋದರು. ಜರ್ಮನರ ಜೊತೆ ಸೇರಿದ್ದ ತುರ್ಕರ ಕಂದಕದ ಮೇಲೆ ಏರಿಹೋದ ದಿನ ಮೊದಲ ಭಲ್ಲೆ ಅವರದೇ. ಗುಂಡು ಎಡಗೈಯನ್ನು ನುಚ್ಚುನೂರು ಮಾಡಿತು. ಘೀಸಾ ಅವರನ್ನು ತನ್ನ ಜೀನಿನ ಮೇಲೆ ಅಡ್ಡ ಹಾಕಿಕೊಂಡು ಬೈಯುತ್ತಾ, ಅಳುತ್ತಾ ಹಿಂದಕ್ಕೆ ತಂದ. ಜೀವ ಉಳಿಯಿತು, ಕೈ ಉಳಿಯಲಿಲ್ಲ.

ಊರಿಗೆ ಮರಳಿದ ಮೇಲೆ ಹೊಸ ಏಜೆಂಟ್ ಸಾಹೇಬನಿಗೆ ಮೇಲಿನಿಂದ ಕಾಗದ ಬಂತು. ರಾಜರ ಕೈ ಹೋದದ್ದಕ್ಕೆ ಯಾರು ಹೊಣೆ? ಆ ಮುದುಕಿ ನಿಜಕ್ಕೂ ಅಪ್ಪಣೆ ಮಾಡಿದ್ದಳೇ? ಇಲ್ಲದಿದ್ದರೆ ಧಾಭಾಯಿ ಸರಕಾರಕ್ಕೆ ಸುಳ್ಳು ಹೇಳಿದಂತೆ, ಅವನಿಗೆ ಗಡೀಪಾರು.

“ಮುಂದೆ ಹೋಗೋ ಆಸೆ ನಂದೇ ಅಂತ ನಾನೇ ಒಪ್ಕೊಂಡ್ಬಿಡ್ತೀನಿ,” ಎಂದರು ಮಹಾರಾವಲರು.

“ಗಾದಿ ಹೋಗುತ್ತೆ. ಸುಮ್ನಿರು ಬನ್ನಾ,” ಎಂದ ಘೀಸಾ.

ಸಾಹೇಬನ ಎದುರು ಅಷ್ಟು ಮಾತಾಡಿದ ನಾಲಗೆ ಅವ್ವನ ಎದುರು ಹೊರಳಲೇ ಇಲ್ಲ. ಆಡಿದ ಸುಳ್ಳನ್ನು ಘೀಸಾ ಅವಳಿಗೆ ಹೇಳದೆ ಉಳಿದ.

ಸಾಹೇಬ ಬಂದಾಗ ಲಾಛೀಬಾಯಿ ಅಂಗಳದಲ್ಲಿ ಮಜ್ಜಿಗೆ ಕಡೆಯುತ್ತಿದ್ದಳು. ಏಳಲಿಲ್ಲ, ಸೆರಗನ್ನಷ್ಟೇ ಮುಂದಕ್ಕೆಳೆದುಕೊಂಡಳು. ಮುನ್ಷಿ ಪ್ರಶ್ನೆ ಓದಿದ. ಬಾಗಿಲ ಬಳಿ ಮಹಾರಾವಲರು, ಅವರ ಪಕ್ಕದಲ್ಲಿ ಘೀಸಾ. ಕಡಗೋಲು ಒಂದು ಸುತ್ತು, ಎರಡು ಸುತ್ತು ತಿರುಗಿತು.

“ಹೇಳಿದ್ದೆ,” ಎಂದಳು ಮುದುಕಿ. “ನನ್ನ ಹಾಲು ಕುಡಿದೋನು ಹಿಂದೆ ಕೂರಬಾರದು ಅಂತ ನಾನೇ ಹೇಳಿದ್ದೆ. ಸಾಹೇಬ್ರಿಗೆ ಅವರವ್ವ ಹಾಲು ಕುಡಿಸಿದ್ದಿದ್ರೆ ಇದನ್ನ ಕೇಳೋಕೆ ಇಷ್ಟು ದೂರ ಬರ್ತಿರಲಿಲ್ಲ.”

ಮುನ್ಷಿ ಕೊನೆಯ ಮಾತನ್ನು ನುಂಗಿಕೊಂಡು ಮಿಕ್ಕದ್ದನ್ನು ಇಂಗ್ಲಿಷಿಗೆ ತಿರುಗಿಸಿದ. ಸಾಹೇಬ ಟೋಪಿ ಎತ್ತಿ ವಂದಿಸಿ ಹೊರಟ.

ಕುದುರೆಯ ಸಪ್ಪಳ ದೂರವಾದ ಮೇಲೆ ಲಾಛೀಬಾಯಿ ಕೈ ಒರೆಸಿಕೊಂಡು ಎದ್ದಳು. ಬಂದವಳೇ ಘೀಸಾನ ಕೆನ್ನೆಗೆ ಬಾರಿಸಿದಳು.

“ನೀನು ಅಂದಿದ್ದು ಅವತ್ತು ಸಂಜೆ ಒಳಗೇ ಬಾವಿಕಟ್ಟೆಗೆ ಬಂದಿತ್ತು ಕಣೋ. ಮೂರು ವರ್ಷ ಬಾಯಿ ಕಟ್ಕೊಂಡು ಕೂತಿದ್ದೆ. ನನ್ನ ಹೆಸರಲ್ಲಿ ನನ್ನ ಮಗನ್ನೇ ಗುಂಡಿನ ಮುಂದೆ ನಿಲ್ಲಿಸಿದ್ಯಲ್ಲೋ!”

ಮಹಾರಾವಲರು ಮುಂದೆ ಬಂದರು. ಯಾರ ಮುಂದೆಯೂ ತೆಗೆಯದ ರುಮಾಲನ್ನು ತೆಗೆದು ಕಂಕುಳಿಗೆ ಸಿಕ್ಕಿಸಿ, ನರೆತ ತಲೆ ಬಗ್ಗಿಸಿ ನಿಂತರು.

“ಅವನೊಬ್ಬನದೇ ತಪ್ಪಲ್ಲ ಧಾಯಿಮಾ. ಸುಳ್ಳು ಅಂತ ನನಗೂ ಗೊತ್ತಿತ್ತು. ನನಗೂ ಒಂದು ಕೊಡು.”

ಅವಳು ಕೈ ಎತ್ತಿದಳು. ಎತ್ತಿದ ಕೈ ಇಳಿದು ಅವರ ಅಂಗಿಯ ಖಾಲಿ ತೋಳನ್ನು ಹಿಡಿದುಕೊಂಡಿತು.

“ನಿನಗಾಗಲೇ ಬಿದ್ದಿದೆಯಲ್ಲೋ ಬನ್ನಾ,” ಎಂದಳು. “ಬಾ, ಮಜ್ಜಿಗೆ ಕುಡಿ.”