ಟ್ಯಾಂಕಿನಿಂದ ಎದ್ದ ಹೊಗೆ

"ನೀರ್ ತಾ! ಒಳಗ ಮಂದಿ ಅದಾರ!" ಎಂದು ನಮ್ಮ ಮನೆಯವರು ಚೀರಿದಾಗ ನನ್ನ ಕೈಯಲ್ಲಿದ್ದ ಲೋಬಾನದ ಕೆಂಡ ಚೆಲ್ಲುವುದೊಂದು ಬಾಕಿ.

ಅವರು ಯುದ್ಧದಲ್ಲಿ ಟ್ಯಾಂಕ್ ಓಡಿಸಿದವರು. ಚಿದ್ರಿಯ ನಮ್ಮ ಮನೆಯಲ್ಲಿ ಕುಳಿತು ಅದೇ ಟ್ಯಾಂಕಿನ ಮೊಳದುದ್ದದ ಮಾದರಿಯನ್ನು ತಗಡಿನಲ್ಲಿ ಮಾಡುತ್ತಿದ್ದರು. ತೋಪು ತಿರುಗುತ್ತಿತ್ತು, ಮೇಲಿನ ಮುಚ್ಚಳ ತೆರೆಯುತ್ತಿತ್ತು. ಗುರುವಾರ ಸಂಜೆ ಮನೆಗೆಲ್ಲ ಲೋಬಾನದ ಹೊಗೆ ಹಾಕುವಾಗ, ದೃಷ್ಟಿಯಾಗದಿರಲೆಂದು ಅದರ ಕೆಳಗೂ ಹಿಡಿದೆ. ಹೊಗೆ ಮುಚ್ಚಳದಿಂದ ಮೇಲೆದ್ದಿತು. ಅವರು ಒಳಗೆ ಬೆರಳು ತೂರಿಸಿ ಯಾರನ್ನೋ ಎಳೆಯತೊಡಗಿದರು. ತಗಡು ಕೊಯ್ದು ರಕ್ತ ಬಂತು.

"ಬೆಂಕಿ ಅಲ್ರಿ, ಲೋಬಾನ ಅದ. ನಾನೇ ಹಿಡದೀನಿ, ಕೈ ತೆಗೀರಿ" ಎಂದೆ. ಅವರಿಗೆ ನನ್ನ ಗುರುತೇ ಸಿಗಲಿಲ್ಲ.

ಸ್ವಲ್ಪ ಹೊತ್ತಿಗೆ ಸರಿಹೋಗಿ ಚಹಾ ಕೇಳಿದರು. ಒಳಗೆ ಯಾರಿದ್ದರು ಎಂದು ಕೇಳಲು ನನಗೆ ಇನ್ನೂ ಧೈರ್ಯವಾಗಿಲ್ಲ.