ಸ್ಟಾಪ್ ಅಜ್ಜಿಯ ಅರವತ್ತೇಳು ಮಕ್ಕಳು

ಟೋಪಿ ತೆಗೆದರೆ ಆಕೆಯ ಹಣೆ ಎರಡು ಬಣ್ಣವಾಗಿ ಕಾಣುತ್ತಿತ್ತು. ಕೆಳಗೆ ಸುಟ್ಟ ಇಟ್ಟಿಗೆಯ ಕೆಂಪು, ಮೇಲೆ ಬಿಸಿಲನ್ನೇ ಕಾಣದ ಗೋಧಿ ಬಣ್ಣ. ಇಪ್ಪತ್ತಾರು ವರ್ಷ ದಿನಕ್ಕೆರಡು ಹೊತ್ತು ನಾಲ್ಕು ಲೇನಿನ ರಸ್ತೆಯ ನಡುವೆ ನಿಂತರೆ ಯಾರ ಹಣೆಯಾದರೂ ಹಾಗಾಗುತ್ತದೆ. ಮೈಮೇಲೆ ಗಿಣಿಹಸಿರು ಜಾಕೆಟ್ಟು, ಕೈಯಲ್ಲಿ ‘ಸ್ಟಾಪ್’ ಎಂದು ಬರೆದ ಕೆಂಪು ಫಲಕ, ಎತ್ತರ ಐದಡಿಗೂ ಕಡಿಮೆ. ಆದರೆ ಆಕೆ ರಸ್ತೆಗಿಳಿದು ಫಲಕ ಎತ್ತಿದರೆ ದೊಡ್ಡ ದೊಡ್ಡ ಟ್ರಕ್ಕುಗಳೂ ಬಾಲ ಮುದುರಿಕೊಂಡು ನಿಲ್ಲುತ್ತಿದ್ದವು. ಸ್ಕೂಲಿಗೆ ಹೋಗುವ ಮಕ್ಕಳನ್ನು ರಸ್ತೆ ದಾಟಿಸುವುದು ಆಕೆಯ ಕೆಲಸ. ಸ್ಪ್ಯಾನಿಷ್ ಮಾತಾಡುವ ಮಕ್ಕಳು ‘ಅಬುವೇಲಾ’ ಎನ್ನುತ್ತಿದ್ದರು, ಅಂದರೆ ಅಜ್ಜಿ. ನನ್ನ ಮಗಳು ‘ಸ್ಟಾಪ್ ಅಜ್ಜಿ’ ಎಂದು ಕರೆದಳು. ನಮ್ಮ ಮನೆಯಲ್ಲಿ ಅದೇ ಹೆಸರು ಉಳಿಯಿತು.

ನನ್ನ ಗಂಡನ ಆಫೀಸು ಅಮೆರಿಕದ ಪಾರ್ಸಿಪನಿಯಲ್ಲಿ. ಅಲ್ಲಿಯ ಬಾಡಿಗೆ ನಮ್ಮ ಕೈಗೆಟುಕದೆ ಅರ್ಧ ಗಂಟೆ ಆಚೆಯ ಒಂದು ಹಳೆಯ ಊರಿನಲ್ಲಿ ಮನೆ ಹಿಡಿದಿದ್ದೆವು. ರಸ್ತೆಯ ಈಚೆ ಅಪಾರ್ಟ್‌ಮೆಂಟುಗಳು, ಆಚೆ ಸ್ಕೂಲು. ಅಪಾರ್ಟ್‌ಮೆಂಟುಗಳಲ್ಲಿ ಹೆಚ್ಚಿನವರು ಸ್ಪ್ಯಾನಿಷ್ ಮಾತಾಡುವವರು, ನಡುನಡುವೆ ನಮ್ಮಂಥ ಹತ್ತಿಪ್ಪತ್ತು ಇಂಡಿಯನ್ ಸಂಸಾರಗಳು. ನನ್ನ ಮಗ ಆಗಿನ್ನೂ ಮೂರು ತಿಂಗಳ ಕೂಸು. ನಮ್ಮಲ್ಲಿದ್ದ ಒಂದೇ ಕಾರು ಗಂಡನ ಜೊತೆ ಹೋಗಿಬಿಡುತ್ತಿತ್ತು. ಎರಡನೇ ಕ್ಲಾಸಿನ ಮಗಳು ಪಕ್ಕದ ಮನೆ ಮಕ್ಕಳ ಜೊತೆ ನಡೆದುಕೊಂಡೇ ಸ್ಕೂಲಿಗೆ ಹೋಗುತ್ತಿದ್ದಳು. ನಾನು ಬಾಲ್ಕನಿಯಲ್ಲಿ ನಿಂತು, ಸ್ಟಾಪ್ ಅಜ್ಜಿ ಅವಳನ್ನು ದಾಟಿಸುವ ತನಕ ನೋಡಿ ಒಳಗೆ ಬರುತ್ತಿದ್ದೆ.

ಮೊದಲ ಭೇಟಿಯಲ್ಲಿ ನಾನು ಮಾಡಿದ ಘನಕಾರ್ಯ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಇಲ್ಲಿ ನಮ್ಮವರು ಇಬ್ಬರು ಸೇರಿದರೆ ಮೊದಲು ಊರು, ಆಮೇಲೆ ವೀಸಾ. ಅದೇ ಚಾಳಿಯಲ್ಲಿ, “ನಿಮ್ಮದು ಗ್ರೀನ್ ಕಾರ್ಡಾ, ಇನ್ನೂ ಪ್ರೋಸೆಸ್ಸಲ್ಲಿದೆಯಾ?” ಎಂದು ಕೇಳಿಬಿಟ್ಟೆ.

ಆಕೆ ನಕ್ಕಳು. “ಮಿಹಾ, ನಾನು ಪೋರ್ಟೊ ರಿಕೊದವಳು. ನಮ್ಮ ದ್ವೀಪದಲ್ಲಿ ಹುಟ್ಟಿದವರೆಲ್ಲ ಹುಟ್ಟುತ್ತಲೇ ಅಮೆರಿಕದವರು. ನನ್ನ ಗಂಡ ಇವರ ಯೂನಿಫಾರ್ಮ್ ಹಾಕಿಕೊಂಡು ಯುದ್ಧಕ್ಕೂ ಹೋಗಿ ಬಂದ. ಆದರೂ ಎಲ್ಲರೂ ನನ್ನ ಕಾಗದ ಕೇಳ್ತಾರೆ. ಬಿಳಿಯರು ಕೇಳೋದು ಗೊತ್ತಿತ್ತು. ನೀನೂ ಕೇಳ್ತೀಯಾ?” ಮಿಹಾ ಎಂದರೆ ಮಗಳೇ. ಹಾಗೆ ಕರೆದು ಬೈದರೆ ಬೈಸಿಕೊಂಡವರಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟುತ್ತದೆ.

ನಾನೊಬ್ಬಳೇ ಏನಲ್ಲ. ಮನೆಗೊಂದು ಅಡುಗೆ ತಂದು ಸೇರುವ ನಮ್ಮ ಪಾಟ್‌ಲಕ್ ಊಟಗಳಲ್ಲಿ ಬಿಸಿಬೇಳೆಭಾತಿನ ಜೊತೆ ಉಪ್ಪಿನಕಾಯಿಯಂತೆ ಬಡಿಸುತ್ತಿದ್ದದ್ದು ಇದನ್ನೇ. “ಈ ಸ್ಪ್ಯಾನಿಷ್‌ನವ್ರು ಜಾಸ್ತಿ ಆಗ್ಬಿಟ್ರು ಕಣ್ರೀ. ಸ್ಕೂಲ್ ರೇಟಿಂಗ್ ಬಿದ್ದೋಗುತ್ತೆ. ನಾವಂತೂ ನೆಕ್ಸ್ಟ್ ಇಯರ್ ಮೂವ್ ಆಗ್ತೀವಪ್ಪಾ,” ಎಂದು ಎದುರು ಬ್ಲಾಕಿನ ಆಂಟಿ. ಇದೇ ಊರಿನ ಹಳೆಯ ಬಿಳಿಯರು, ಇಂಡಿಯನ್ನರು ಜಾಸ್ತಿಯಾದರು, ಮೆಟ್ಟಿಲ ತುಂಬ ಸಾರಿನ ವಾಸನೆ ಎಂದು ಮೂಗು ಮುರಿಯುತ್ತಿದ್ದುದು ಆಂಟಿಗೆ ಗೊತ್ತಿಲ್ಲದ ವಿಷಯವೇನಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ತೋರಿಸುವ ಜನ ನಾವು.

ಸ್ಟಾಪ್ ಅಜ್ಜಿಗೆ ಈ ‘ಜಾಸ್ತಿಯಾದರು’ ಎಂಬ ಮಾತು ಕೇಳಿದರೆ ಮೈ ಉರಿಯುತ್ತಿತ್ತು. “ನಾನು ಮದುವೆಯಾಗಿ ಈ ಊರಿಗೆ ಬಂದಾಗ ನನ್ನ ಗಂಡನನ್ನ ಬಿಟ್ಟರೆ ಸ್ಪ್ಯಾನಿಷ್ ಮಾತಾಡೋಕೆ ಚರ್ಚಿನ ಕಸ ಗುಡಿಸೋನು ಒಬ್ಬನಿದ್ದ. ಈಗ ಬೇಕರಿ ನಮ್ಮದು, ಕಟಿಂಗ್ ಶಾಪು ನಮ್ಮದು, ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆ ನಮ್ಮ ಭಾಷೇಲಿ. ಮುಚ್ಚಿಹೋಗಿದ್ದ ಬೀದಿಗೆ ದೀಪ ಹಚ್ಚಿದವರು ನಾವು. ಅದಕ್ಕೆ ಜಾಸ್ತಿಯಾದರು ಅನ್ನೋದಾ?” ಎನ್ನುತ್ತಿದ್ದಳು. ಛಾವಣಿ ಹಾಕುವ ಎಕ್ವಡಾರಿನವರು, ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಹೊಂಡುರಾಸಿನ ಹೆಂಗಸರು, ಕೊಲಂಬಿಯಾದಿಂದ ಬಂದ ಹಲ್ಲಿನ ಡಾಕ್ಟರು, ಎಲ್ಲರೂ ಬೇರೆ ಬೇರೆ ಎಂದು ನನಗೆ ಬಿಡಿಸಿ ಹೇಳಿದವಳು ಆಕೆಯೇ. “ನಮ್ಮನ್ನೆಲ್ಲ ಒಂದೇ ಡಬ್ಬಕ್ಕೆ ತುಂಬಿ ಮುಚ್ಚಳ ಹಾಕ್ತಾರೆ. ನಿನ್ನನ್ನ ಹಿಂದಿಯವಳು ಅಂದರೆ ನೀನು ಮುಖ ಗಂಟು ಹಾಕ್ಕೊಳ್ಳಲ್ವಾ?”

ಮಕ್ಕಳನ್ನು ಎಣಿಸುವುದಕ್ಕೆ ಆಕೆಯದೇ ಒಂದು ಪದ್ಧತಿಯಿತ್ತು. ಬೆಳಿಗ್ಗೆ ಜಾಕೆಟ್ಟಿನ ಎಡಜೇಬಿನಲ್ಲಿ ರಾಜ್ಮಾ ಕಾಳು. ಒಂದು ಮಗು ದಾಟಿದರೆ ಒಂದು ಕಾಳು ಬಲಜೇಬಿಗೆ. ಮಧ್ಯಾಹ್ನ ಮಕ್ಕಳು ಮರಳುವಾಗ ಬಲದಿಂದ ಎಡಕ್ಕೆ. ಬಲಜೇಬು ಖಾಲಿಯಾಗದೆ ಆಕೆ ಮನೆಗೆ ಹೋಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಒಂದು ಕಾಳು ಉಳಿಯಿತು. ಆಕೆ ಸೀದಾ ಸ್ಕೂಲಿನೊಳಗೆ ನುಗ್ಗಿದಳು. ಆಫೀಸಿನವರು ಎಲ್ಲ ಮಕ್ಕಳೂ ಹೋಗಾಯಿತು ಎಂದರಂತೆ. “ನಿಮ್ಮ ಕಂಪ್ಯೂಟರ್ ಹೇಳುತ್ತೆ. ನನ್ನ ಜೇಬು ಇಲ್ಲ ಅನ್ನುತ್ತೆ,” ಎಂದು ಒಂದೊಂದೇ ಬಾಗಿಲು ತಟ್ಟುತ್ತ ಹೋದಳಂತೆ. ನನ್ನ ಮಗಳು ಕ್ಲಾಸಿನಲ್ಲಿ ವಾಂತಿಯಾಗಿ, ಫ್ರಾಕೆಲ್ಲ ಕೊಳೆಯಾಗಿ, ನಾಚಿಕೆಯಿಂದ ಬಾತ್‌ರೂಮಿನ ಚಿಲಕ ಹಾಕಿಕೊಂಡು ಕೂತಿದ್ದಳು. ಆ ದಿನ ಅವಳನ್ನು ತನ್ನ ಸ್ವೆಟರಿನಲ್ಲಿ ಸುತ್ತಿ ನಮ್ಮ ಬಾಗಿಲಿಗೆ ತಂದುಬಿಟ್ಟವಳು ಸ್ಟಾಪ್ ಅಜ್ಜಿ. ನಾನು ಅಳುತ್ತ ನಿಂತಿದ್ದರೆ ಆಕೆ, ಮೊದಲು ಮಗುವಿಗೆ ಸ್ನಾನ ಮಾಡಿಸು ಎಂದು ಗದರಿ ಹೋದಳು.

ಮರುವರ್ಷ ಊರಿನ ಪುರಸಭೆಯಾದ ಟೌನ್‌ಷಿಪ್ಪಿನಿಂದ ಒಂದು ಫಾರ್ಮ್ ಬಂತು. ನಿಮ್ಮ ಮಗು ಸ್ಕೂಲಿಗೆ ಹೇಗೆ ಹೋಗುತ್ತದೆ: ಕಾರಿನಲ್ಲೋ, ನಡೆದೋ? ಕೆಳಗೆ ಹೆಸರು, ವಿಳಾಸ. ನಡೆಯುವ ಮಕ್ಕಳು ಕಡಿಮೆಯಿದ್ದ ಕಡೆ ರಸ್ತೆ ದಾಟಿಸುವವರನ್ನು ತೆಗೆಯುತ್ತಾರೆ ಎಂಬ ಮಾತು ಎರಡನೇ ಪುಟದ ತಳದಲ್ಲಿ, ಇರುವೆಯಂಥ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ ಮಾತ್ರ ಇತ್ತು.

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಗುಲ್ಲೆದ್ದಿತು. ಒಬ್ಬ ಅಂಕಲ್ ಬರೆದರು: “ನಡೆದು ಹೋಗುತ್ತೆ ಅಂತ ಬರೀಬೇಡಿ. ಮಗೂನ ಒಂಟಿಯಾಗಿ ಕಳಿಸ್ತಾರೆ ಅಂತ ಮಕ್ಕಳ ಇಲಾಖೆಯವರು ಮನೆಗೆ ಬರ್ತಾರೆ. ಗ್ರೀನ್ ಕಾರ್ಡ್‌ಗೆ ತೊಂದ್ರೆ.” ಯಾರು ಹೇಳಿದರು, ಎಲ್ಲಿ ಬರೆದಿದೆ ಎಂದು ಒಬ್ಬರೂ ಕೇಳಲಿಲ್ಲ. ನಮ್ಮದಾಗ ವೀಸಾ ಎಕ್ಸ್‌ಟೆನ್ಷನ್ನಿನಲ್ಲಿತ್ತು. ನನ್ನ ಗಂಡ, “ಕಾರ್ ಅಂತ ಟಿಕ್ ಮಾಡ್ಬಿಡು. ಸುಮ್ನೆ ಯಾಕೆ ರಿಸ್ಕು?” ಎಂದ. ನಾನು ಮಾಡಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕದಿಯದವರೂ ಹೆಗಲು ಮುಟ್ಟಿಕೊಂಡೆವು. ಇತ್ತ ಸ್ಪ್ಯಾನಿಷ್ ತಾಯಂದಿರು ವಿಳಾಸ ಕೊಟ್ಟರೆ ಇಮಿಗ್ರೇಷನ್‌ನವರು ಬಾಗಿಲಿಗೆ ಬರುತ್ತಾರೆಂದು ಫಾರ್ಮನ್ನು ಮಕ್ಕಳ ಬ್ಯಾಗಿನಲ್ಲೇ ಬಿಟ್ಟರು. ಅವರ ಭಯಕ್ಕೆ ಕಾರಣವಿತ್ತು. ಹಾಗೆ ಬಂದು ಜನರನ್ನು ಕರೆದೊಯ್ದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ನಮಗೆ ಏನಿತ್ತು?

ಟೌನ್‌ಷಿಪ್ಪಿನ ಲೆಕ್ಕದಲ್ಲಿ ಆ ರಸ್ತೆ ದಾಟುವ ಮಕ್ಕಳು ಒಂಬತ್ತು. ಒಂಬತ್ತು ಮಕ್ಕಳಿಗೆ ಒಂದು ಹುದ್ದೆ ಯಾಕೆ ಎಂದು ಸಭೆಯಲ್ಲಿ ಪ್ರಶ್ನೆ ಬಂತು. ಮಾತಾಡಲು ಸ್ಟಾಪ್ ಅಜ್ಜಿಗೆ ಮೂರು ನಿಮಿಷ ಕೊಟ್ಟರು. ನಾನು ಕೂಸನ್ನು ಎತ್ತಿಕೊಂಡು ಎರಡನೇ ಸಾಲಿನಲ್ಲಿ ಕೂತಿದ್ದೆ. ಆಕೆ ಆ ದಿನದ ಲೆಕ್ಕದ ಕಾಳುಗಳನ್ನು ಜೇಬಿನಿಂದ ತೆಗೆದು ಅವರ ಮೇಜಿನ ಮೇಲೆ ಸುರಿದಳು. “ಅರವತ್ತೇಳು. ಇವತ್ತು ಬೆಳಿಗ್ಗೆ ದಾಟಿಸಿದ್ದು. ಇವು ನಿಮ್ಮ ಕಾಗದದಲ್ಲಿಲ್ಲ. ನಾಳೆ ಬೆಳಿಗ್ಗೆ ಬಂದು ನಿಂತು ನೋಡಿ.”

ಅಧ್ಯಕ್ಷರು ಅಡ್ಡಗೋಡೆ ಮೇಲೆ ದೀಪವಿಟ್ಟ ಹಾಗೆ ಏನೇನೋ ಹೇಳಿ, ಕೊನೆಗೆ, ದಾಖಲೆಯಲ್ಲಿರುವುದನ್ನಷ್ಟೇ ನಾವು ಪರಿಗಣಿಸಬಹುದು ಎಂದರು. ಆಮೇಲೆ ಸಭೆಯತ್ತ ನೋಡಿ ಕೇಳಿದರು: “ಮಗುವನ್ನು ನಡೆಸಿ ಕಳಿಸುವ ಪೋಷಕರು ಯಾರಾದರೂ ಇಲ್ಲಿದ್ದೀರಾ? ಇದ್ದರೆ ಎದ್ದು ಹೇಳಬಹುದು.”

ನಾನು ಏಳಲಿಲ್ಲ. ಎದ್ದರೆ ಫಾರ್ಮಿನಲ್ಲಿ ಸುಳ್ಳು ಬರೆದದ್ದು ಗೊತ್ತಾಗುತ್ತದೆ, ವೀಸಾ ಹೋಗುತ್ತದೆ ಎಂದು ಕೂಸಿನ ಅಂಗಿ ಸರಿಮಾಡುತ್ತ ಕೂತೆ. ನಾನಿರುವುದು ಆಕೆಗೆ ಗೊತ್ತಿತ್ತು, ಒಳಗೆ ಬರುವಾಗ ಕೂಸಿನ ಕೆನ್ನೆ ಹಿಂಡಿ ಹೋಗಿದ್ದಳು. ಆದರೂ ಆಕೆ ಒಮ್ಮೆಯೂ ಹಿಂದಿರುಗಿ ನನ್ನ ಕಡೆ ನೋಡಲಿಲ್ಲ. ಮುಂದೆ ನೋಡುತ್ತಲೇ ಮೇಜಿನ ಮೇಲಿನ ಕಾಳುಗಳನ್ನು ಗೋರಿ ಜೇಬಿಗೆ ತುಂಬಿಕೊಂಡಳು. ಹೊರಗೆ ಪಾರ್ಕಿಂಗಿನಲ್ಲಿ ನಾನು ಏನೋ ತೊದಲಿದೆ. “ನಿನಗೆ ಕಾಗದದ ಚಿಂತೆ ಇದೆ, ನನಗೆ ಗೊತ್ತು. ಹೋಗು ಮಿಹಾ, ಕೂಸಿಗೆ ಹಸಿವಾಗಿದೆ,” ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹುದ್ದೆ ಹೋಯಿತು. ಜಾಕೆಟ್ಟು, ಫಲಕ ವಾಪಸು ತೆಗೆದುಕೊಂಡರು. ಆದರೂ ಆಕೆ ಬರುವುದನ್ನು ಬಿಡಲಿಲ್ಲ. ರಸ್ತೆಗೆ ಇಳಿಯಕೂಡದು ಎಂದು ಪೊಲೀಸರು ಹೇಳಿದ ಮೇಲೆ ಅಂಚಿನಲ್ಲೇ ನಿಂತು, ವಾಹನ ಖಾಲಿಯಾಗುವ ತನಕ ಮಕ್ಕಳ ಬ್ಯಾಗು ಹಿಡಿದು ನಿಲ್ಲಿಸಿ, ಓಡಿ ಎಂದು ಬಿಡುತ್ತಿದ್ದಳು. ನಾವು ಸಾಲ ಮಾಡಿ ಎರಡನೇ ಕಾರು ಕೊಂಡೆವು. ಫಾರ್ಮಿನಲ್ಲಿ ಬರೆದ ಸುಳ್ಳನ್ನು ಹಾಗೆ ನಿಜ ಮಾಡಿದೆ. ಹಿಮ ಬಿದ್ದ ಬೆಳಿಗ್ಗೆಗಳಲ್ಲಿ ಹೀಟರು ಹಾಕಿಕೊಂಡು ಆಕೆಯ ಮುಂದೆಯೇ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆ. ಆಕೆ ಕೈ ಬೀಸುತ್ತಿದ್ದಳು. ಮೂರನೇ ಚಳಿಗಾಲದಲ್ಲಿ ಎದೆಗೆ ನೆಗಡಿ ಇಳಿದು, ನ್ಯುಮೋನಿಯಾ ಆಗಿ, ಹತ್ತೇ ದಿನಕ್ಕೆ ತೀರಿಕೊಂಡಳು. ವಯಸ್ಸಾಗಿತ್ತಲ್ಲ ಎಂದು ಎದುರು ಬ್ಲಾಕಿನ ಆಂಟಿ ಅಂದರು. ಎಪ್ಪತ್ತೊಂದು ಅಂಥ ವಯಸ್ಸೇನಲ್ಲ. ಬರಿಗೈಯಲ್ಲಿ ಅಂಚಿನಲ್ಲಿ ನಿಲ್ಲಿಸಿದ್ದು ನಾವು.

ಬೇಸಿಗೆಗೆ ನಮ್ಮ ಗ್ರೀನ್ ಕಾರ್ಡ್ ಬಂತು. ಅದರ ಮರುವಾರವೇ ನಾನು ಟೌನ್‌ಷಿಪ್ಪಿನ ಸಭೆಗೆ ಹೋಗಿ ಮಾತಾಡಲು ಹೆಸರು ಬರೆಸಿದೆ. ಅಂಥ ಧೈರ್ಯಕ್ಕೆ ಬೆಂಕಿ ಬೀಳಲಿ, ಆದರೂ ಹೋದೆ. ನಾನು ಫಾರ್ಮಿನಲ್ಲಿ ಸುಳ್ಳು ಬರೆದಿದ್ದೆ, ನನ್ನ ಮಗಳು ದಿನಾ ನಡೆದೇ ಹೋಗುತ್ತಿದ್ದಳು, ಆ ಹೆಂಗಸು ಹೇಳಿದ ಲೆಕ್ಕವೇ ಸರಿಯಿತ್ತು ಎಂದು ಮೈಕಿನಲ್ಲಿ ಹೇಳಿದೆ. ಅಧ್ಯಕ್ಷರು ಗಡಿಯಾರ ನೋಡಿ, ಥ್ಯಾಂಕ್ಯೂ, ನೆಕ್ಸ್ಟ್ ಎಂದರು. ನನಗೆ ಏನೂ ಆಗಲಿಲ್ಲ. ಯಾವ ಇಲಾಖೆಯೂ ಬರಲಿಲ್ಲ, ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಅಂದು ಎದ್ದು ನಿಂತಿದ್ದರೂ ಏನೂ ಆಗುತ್ತಿರಲಿಲ್ಲ.